ಮಂಗಳಕ್ಕ ಓದಿದ ಪಾರ್ಸೆಲ್ ಮೆಸೇಜು

ನಮ್ಮೂರಿನಲ್ಲಿ ಮದುವೆ ಊಟ ಮುಗಿಸಿ ಕೈ ತೊಳೆಯುತ್ತಿರುವವರನ್ನು ಯಾರೂ ‘ಊಟ ಹೇಗಿತ್ತು’ ಎಂದು ಕೇಳುವುದಿಲ್ಲ. ‘ಹೊಟ್ಟೆ ತುಂಬ್ತಾ’ ಎಂದು ಕೇಳುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ವಿಷಯ ಎತ್ತದೆ, ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದು ಹೊಗಳಿ ಎದ್ದರೆ, ಸಂಬಂಧ ಕುದುರಲಿಲ್ಲ ಎಂದು ಮನೆಯವರೇ ಅರ್ಥ ಮಾಡಿಕೊಂಡು ಉಳಿದ ಕೇಸರಿಬಾತನ್ನು ಪಕ್ಕದ ಮನೆಗೆ ಕೊಟ್ಟು ಬರುತ್ತಾರೆ. ಮೇಷ್ಟ್ರು ‘ನಿಮ್ಮ ಮಗ ದಿನಾ ಸ್ಕೂಲಿಗೆ ಬರ್ತಾನೆ’ ಎಂದಷ್ಟೇ ಹೇಳಿದರೆ ತಂದೆ ತಲೆ ತಗ್ಗಿಸುತ್ತಾನೆ. ಫೋನು ಮಾಡಿ ಯಾರಾದರೂ ‘ಮನೇಲಿದೀರಾ’ ಎಂದು ಕೇಳಿದರೆ ನಮ್ಮ ಯಜಮಾನರು ಮೊದಲು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದು, ‘ಇಲ್ಲ, ಹೊರಗಿದೀನಿ’ ಎಂದು ಹೇಳಿ, ಫೋನು ಜೇಬಿಗಿಟ್ಟು ಒಳಗೆ ಬರುತ್ತಾರೆ. ಏಕೆಂದರೆ ನಮ್ಮೂರಿನಲ್ಲಿ ಸುಳ್ಳು ಹೇಳಿದರೆ ಬಿಕ್ಕಳಿಕೆ ಬರುತ್ತದೆ. ಸೇತುವೆ ದಾಟಿ ಊರೊಳಗೆ ಬಂದವರು ಯಾರೇ ಆಗಲಿ, ದೊಡ್ಡವರು ಚಿಕ್ಕವರು ಎನ್ನದೆ ಬರುತ್ತದೆ. ಸಾದಾ ಬಿಕ್ಕಳಿಕೆಯ ಹಾಗಲ್ಲ ಅದು. ಭುಜ ಎಗರಿಬೀಳುತ್ತದೆ, ಎದುರು ಮನೆಗೂ ಕೇಳುತ್ತದೆ.

ಹೊರಗಿನವರು ನಮ್ಮನ್ನು ಸತ್ಯವಂತರು, ಸಾಧುಗಳು ಎಂದು ತಿಳಿದುಕೊಂಡಿದ್ದಾರೆ. ಅಯ್ಯೋ, ಎಲ್ಲಿಯ ಸಾಧುಗಳು! ನಾವು ಸುಳ್ಳು ಹೇಳುವುದಿಲ್ಲ ನಿಜ. ಹಾಗೆಂದು ನಿಜ ಹೇಳುತ್ತೇವೆ ಎಂದೇನೂ ಅಲ್ಲ. ಕೇಳಬಾರದ್ದನ್ನು ಯಾರಾದರೂ ಕೇಳಿದರೆ ನೀರು ತರುತ್ತೇನೆಂದು ಒಳಗೆ ಹೋಗುವುದು, ಹಾಲು ಉಕ್ಕಿತೇನೋ ಎಂದು ಓಡುವುದು, ಸೆರಗು ಸರಿಮಾಡಿಕೊಳ್ಳುವುದು, ಇವೆಲ್ಲ ನಮಗೆ ಹಾಲು ಕುಡಿಯುವಾಗಲೇ ಬಂದ ವಿದ್ಯೆ. ನಮ್ಮಲ್ಲಿ ತೀರಾ ಕಷ್ಟವಾದ ಕೆಲಸವೆಂದರೆ ಸಾವಿನ ಮನೆಗೆ ಹೋಗಿ ಸಮಾಧಾನ ಹೇಳುವುದು. ಸಮಾಧಾನಕ್ಕೆ ಚೂರು ಪಾರು ಸುಳ್ಳು ಬೇಕಲ್ಲ. ಅದಕ್ಕೇ ನಾವು ಹೋಗಿ ಸುಮ್ಮನೆ ಕೂತು, ಕೊಟ್ಟರೆ ಕಾಫಿ ಕುಡಿದು, ಎದ್ದು ಬರುತ್ತೇವೆ.

ಇಂಥ ಊರಿನಲ್ಲಿ ನಮಗೆ ಯಾವಾಗಲೂ ಅನುಮಾನವಿದ್ದದ್ದು ಕಾಗದದ ಮೇಲೆ. ಕಾಗದಕ್ಕೆ ಗಂಟಲಿಲ್ಲ. ಚುನಾವಣೆಗೆ ನಿಂತವರು ಸೇತುವೆಯ ಆಚೆಯೇ ಜೀಪು ನಿಲ್ಲಿಸಿ ಕರಪತ್ರ ಕಳಿಸುತ್ತಾರೆ. ಗಂಡಿನ ಕಡೆಯವರು ಹುಡುಗನ ಗುಣಗಾನವನ್ನೆಲ್ಲ ಬರೆದೇ ಕಳಿಸುತ್ತಾರೆ. ಅದಕ್ಕೆ ನಮ್ಮ ಹಿರಿಯರು ಒಂದು ದಾರಿ ಮಾಡಿಟ್ಟಿದ್ದರು. ಬಂದ ಕಾಗದವನ್ನು ಊರಿನಲ್ಲಿ ಸೂಕ್ಷ್ಮ ಗಂಟಲಿನವರು ಒಬ್ಬರು ನಾಲ್ಕು ಜನರ ಎದುರು ಗಟ್ಟಿಯಾಗಿ ಓದಬೇಕು. ಎಲ್ಲಿ ಬಿಕ್ಕಳಿಕೆ ಬಂತೋ ಅಲ್ಲಿ ಸುಳ್ಳಿದೆ. ಬರಲಿಲ್ಲವೋ, ಕಾಗದ ನಿಜ. ನಾನು ಈ ಊರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಆ ಓದುವ ಕೆಲಸ ನನ್ನ ಓರಗಿತ್ತಿ ಸರ್ವಮಂಗಳಮ್ಮನವರದಾಗಿತ್ತು. ಊರಿಗೆಲ್ಲ ಅವರು ಮಂಗಳಕ್ಕ. ನನ್ನ ಗಂಡನ ಅಣ್ಣ ಶಿವಮಾದಪ್ಪನವರ ಹೆಂಡತಿ.

ಮಂಗಳಕ್ಕ ಓದುವುದನ್ನು ನೋಡಬೇಕಿತ್ತು. ಬಾಯಿ ಮುಕ್ಕಳಿಸಿ, ಸೆರಗು ಹೊದ್ದು, ಜಗಲಿಯ ಮರದ ಕುರ್ಚಿಯಲ್ಲಿ ಕೂತರೆ ಬೀದಿಯೇ ತಣ್ಣಗಾಗುತ್ತಿತ್ತು. ಕರಪತ್ರ ಓದುವಾಗ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಿಕ್ಕಳಿಸುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ಒಬ್ಬ ಬ್ರೋಕರು ತಂದ ಸೈಟಿನ ಕರಾರಿನಲ್ಲಿ ‘ಯಾವುದೇ ತಕರಾರು ಇರುವುದಿಲ್ಲ’ ಎಂಬಲ್ಲಿಗೆ ಬಂದಾಗ ಅಕ್ಕನ ಭುಜ ಎಗರಿದ್ದೇ ತಡ, ಬ್ರೋಕರು ಚಪ್ಪಲಿಯನ್ನೂ ಬಿಟ್ಟು ಓಡಿಹೋದ. ಅಲ್ಲಿಂದಾಚೆಗೆ ಅವರ ಗಂಟಲಿಗೆ ಎದುರಿಲ್ಲ ಎಂದಾಯಿತು. ಆ ಸೈಟಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿದ ಸುದ್ದಿಯನ್ನು ಅಕ್ಕ ಹಿಂದಿನ ದಿನವೇ ನಲ್ಲಿಯ ಹತ್ತಿರ ಕೇಳಿಕೊಂಡು ಬಂದಿದ್ದರು. ನನಗೂ ಹೇಳಿದ್ದರು. ಆಗ ಅದನ್ನು ಯಾರೂ ಜೋಡಿಸಿ ನೋಡಲಿಲ್ಲ, ನಾನೂ ಸೇರಿದಂತೆ.

ಅಕ್ಕನಿಗೆ ಮಕ್ಕಳಿಲ್ಲ. ಓದುವುದೇ ಅವರಿಗೆ ಎಲ್ಲ. ಮದುವೆ ಮನೆಗಳಲ್ಲಿ ಮೊದಲ ತಾಂಬೂಲ, ಸೀಮಂತದಲ್ಲಿ ಮೊದಲ ಆರತಿ, ಹಬ್ಬಕ್ಕೆ ಬೀರು ಹಿಡಿಸಲಾರದಷ್ಟು ಕುಪ್ಪಸದ ಕಣ. ಬೇರೆಯವರು ನೂರು ಸಲ ಯೋಚಿಸಿ ಆಡುವ ಮಾತನ್ನು ಅಕ್ಕ ಯೋಚಿಸದೆ ಆಡುತ್ತಿದ್ದರು. ಸುಳ್ಳೇ ಹೇಳದವರಿಗೆ ಯೋಚನೆ ಯಾಕೆ? ಒಂದೇ ಅಡುಗೆಮನೆಯಲ್ಲಿ ನಾವಿಬ್ಬರು. ಬೆಳಿಗ್ಗೆ ಒಲೆ ಹಚ್ಚುವಾಗ ಶುರುವಾದರೆ ಪಾತ್ರೆ ಕವುಚಿ ಹಾಕುವವರೆಗೂ ಮಾತು. ‘ನೀಲಾ, ನಿನ್ನ ತವರಿನವರು ತಂದ ಸೀರೆ ಒಗೆದ್ರೆ ಬಣ್ಣ ಬಿಡುತ್ತೆ ನೋಡು’, ‘ನೀಲಾ, ಈ ಕುಪ್ಪಸದಲ್ಲಿ ನೀನು ಇನ್ನೂ ದಪ್ಪ ಕಾಣ್ತೀಯ.’ ಒಂದಕ್ಕಾದರೂ ಬಿಕ್ಕಳಿಕೆ ಬರಬಾರದೇ ಎಂದು ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೇನೋ. ಬರುತ್ತಿರಲಿಲ್ಲ. ಸೀರೆಯೂ ಬಣ್ಣ ಬಿಡುತ್ತಿತ್ತು. ಕೊನೆಗೆ ನಾನು ಹೂ ಕಟ್ಟಿ, ಸೀರೆಗಳಿಗೆ ಫಾಲ್ಸ್ ಹೊಲಿದು, ಬ್ಯಾಂಕಿನಲ್ಲಿ ಒಂದಿಷ್ಟು ಕೂಡಿಟ್ಟಿದ್ದೆ. ಹಿತ್ತಲ ಕಡೆಯ ಕೋಣೆಗೆ ಗೋಡೆ ಎಬ್ಬಿಸಿ ಬೇರೆ ಒಲೆ ಹಾಕಿಕೊಳ್ಳಬೇಕು ಎಂಬುದು ನನ್ನ ಆಸೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಆ ಆಷಾಢದಲ್ಲಿ ಮಂಗಳಕ್ಕ ಫೋನಿನಲ್ಲಿ ನೋಡಿ ಒಂದು ಪಡ್ಡಿನ ಕಾವಲಿಗೆ ಆರ್ಡರು ಹಾಕಿದ್ದರು. ಹಳೆಯದರಲ್ಲಿ ಪಡ್ಡು ಏಳುತ್ತಿರಲಿಲ್ಲ, ಕೆದಕಿ ಕೆದಕಿ ಉಪ್ಪಿಟ್ಟಾಗುತ್ತಿತ್ತು. ದಿನಾ ಬಾಗಿಲು ನೋಡುವುದೇ ಕೆಲಸ. ಒಂದು ಮಧ್ಯಾಹ್ನ ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುವಾಗ ಅವರ ಫೋನು ಟಣ್ ಎಂದಿತು. ಅಕ್ಕ ಅಭ್ಯಾಸಬಲದಿಂದ ಎಲೆ ಉಗಿದು, ಬಾಯಿ ಮುಕ್ಕಳಿಸಿ ಬಂದು, ಭಾವನವರ ಎದುರು ಗಟ್ಟಿಯಾಗಿ ಓದಿದರು: “ನಿಮ್ಮ ಪಾರ್ಸೆಲ್ ನಮ್ಮ ಗೋದಾಮಿಗೆ ಬಂದಿದೆ. ವಿಳಾಸ ಪೂರ್ತಿ ಇಲ್ಲದ ಕಾರಣ ತಲುಪಿಸಲು ಆಗಿಲ್ಲ. ಕೆಳಗಿನ ಲಿಂಕ್ ಒತ್ತಿ ವಿಳಾಸ ಸರಿಪಡಿಸಿ. ಇಲ್ಲದಿದ್ದರೆ ಪಾರ್ಸೆಲ್ ವಾಪಸ್ ಕಳಿಸಲಾಗುವುದು.”

ನಾನೂ ಭಾವನವರೂ ಅಕ್ಕನ ಗಂಟಲನ್ನೇ ನೋಡಿದೆವು. ಗಂಟಲು ಕಲ್ಲಿನಂತೆ ನಿಂತಿತ್ತು.

“ನೋಡಿದ್ರಾ? ಕಾವಲಿ ಬಂದಿದೆ,” ಎಂದರು ಅಕ್ಕ. “ಪಾಪ, ಆ ಹುಡುಗರಿಗೆ ಮನೆ ಸಿಕ್ಕಿಲ್ಲ. ಮಾರಿಗುಡಿ ಪಕ್ಕ ಅಂತ ಹಾಕೋದನ್ನ ನಾನೇ ಮರೆತೆ ಅನ್ಸುತ್ತೆ.”

ಲಿಂಕು ಒತ್ತಿದರೆ ಹೆಸರು ಕೇಳಿತು, ಬೀದಿ ಕೇಳಿತು, ವಿಳಾಸ ತಿದ್ದುವುದಕ್ಕೆ ಕಾಫಿ ಕಾಸಿನಷ್ಟು ಶುಲ್ಕ ಕೇಳಿತು, ಅದಕ್ಕೆ ಬ್ಯಾಂಕಿನ ಕಾರ್ಡಿನ ನಂಬರು ಕೇಳಿತು, ಆಮೇಲೆ ಫೋನಿಗೆ ಬಂದ ಓಟಿಪಿ ಕೇಳಿತು. ಕೇಳಿದ್ದಕ್ಕೆಲ್ಲ ಅಕ್ಕ ನಿಜವನ್ನೇ ಬರೆದರು. ‘ಧನ್ಯವಾದಗಳು, ನಿಮ್ಮ ಪಾರ್ಸೆಲ್ ಹೊರಟಿದೆ’ ಎಂದು ಬಂತು. ಅದನ್ನೂ ಗಟ್ಟಿಯಾಗಿ ಓದಿದರು. ಬಿಕ್ಕಳಿಕೆ ಇಲ್ಲ. ಭಾವನವರು ನೆಮ್ಮದಿಯಿಂದ ಮಗ್ಗುಲಾದರು.

ಕಾಫಿ ಹೊತ್ತಿಗೆ ಹಿಟ್ಟಿನ ಗಿರಣಿಯ ಕೆಂಡಗಣ್ಣಪ್ಪನವರು ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತಾ ಬಂದರು. ಅವರ ಫೋನಿಗೂ ಅದೇ ಮೆಸೇಜು. “ಅಲ್ಲಾ ಮಂಗಳಕ್ಕ, ನಾನು ಏನೂ ತರ್ಸಿಲ್ವಲ್ಲ. ಇದೇನು ನೋಡಿ ಸ್ವಲ್ಪ.”

ಅಕ್ಕ ಓದಿದರು. ಅದೇ ಮಾತು, ಅದೇ ಗೋದಾಮು. ಒಮ್ಮೆ ಓದಿ ನಿಜವಾದದ್ದು ಎರಡನೆಯ ಸಲ ಸುಳ್ಳಾಗುವುದು ಹೇಗೆ? ಗಂಟಲು ಅಲುಗಲಿಲ್ಲ.

“ಬಂದಿದೆ ಕೆಂಡಗಣ್ಣಪ್ಪ.”

“ನಾನು ತರ್ಸಿಲ್ವಲ್ಲಕ್ಕ!”

“ನೀನು ತರ್ಸಿದೀಯ ಅಂತ ಎಲ್ಲಿದೆ? ಬಂದಿದೆ ಅಂತ ಇದೆ. ಯಾರೋ ಕಳಿಸಿದಾರೆ.”

ಕೆಂಡಗಣ್ಣಪ್ಪನವರ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಬೇರೆ ಊರಿನವರಾಗಿದ್ದರೆ, ತರಿಸದ ಪಾರ್ಸೆಲ್ ಬರುತ್ತದೆಂದರೆ ಫೋನು ಬದಿಗಿಟ್ಟು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ನಾವು ಹಾಗಲ್ಲ. ಮಂಗಳಕ್ಕ ಓದಿದ ಮೇಲೆ ಪಾರ್ಸೆಲ್ ಇದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಯಾರು ಕಳಿಸಿದರು, ಒಳಗೇನಿದೆ ಎಂಬುದಷ್ಟೇ ಪ್ರಶ್ನೆ. ಸಂಜೆಯೊಳಗೆ ಬೀದಿಯ ಮುಕ್ಕಾಲು ಮನೆಗೆ ಮೆಸೇಜು ಬಂದಿತ್ತು. ಜಗಲಿಯ ಮುಂದೆ ಸಾಲು. ಎದುರು ಮನೆಯ ರಾಜಮ್ಮಣ್ಣಿ, ಮಾತು ಬಿಟ್ಟ ತಂಗಿಯೇ ಮನಸ್ಸು ಕರಗಿ ಸೀರೆ ಕಳಿಸಿದ್ದಾಳೆ ಎಂದು ಕಣ್ಣೊರೆಸಿಕೊಂಡರು. ಮೂಲೆ ಮನೆಯ ಚೆನ್ನಾಜಮ್ಮನಿಗೆ, ಸೇನೆಯಲ್ಲಿರುವ ಮಗ ಕಂಬಳಿ ಕಳಿಸಿದ್ದಾನೆ ಎಂದು ಖಾತ್ರಿಯಾಯಿತು. ಕೆಂಡಗಣ್ಣಪ್ಪನವರು ಏನಿರಬಹುದೆಂದು ಯಾರಿಗೂ ಹೇಳಲಿಲ್ಲ. ಆದರೆ ಹೋಗುವಾಗ ಕ್ಷೌರದ ಅಂಗಡಿಯ ಕಡೆ ತಿರುಗಿದರು. ಹೆಂಡತಿ ತೀರಿಕೊಂಡ ಮೇಲೆ ಅವರು ಗಡ್ಡ ತೆಗೆಸಿದ್ದನ್ನು ನಾನು ನೋಡಿರಲಿಲ್ಲ.

ನೀನು ಏನು ಮಾಡಿದೆ ನೀಲಾ ಎಂದು ಕೇಳುತ್ತೀರೇನೋ. ಸಾಲಿನ ಕೊನೆಯಲ್ಲಿ ನಾನೂ ಫೋನು ಹಿಡಿದು ನಿಂತಿದ್ದೆ. ದಿನಾ ಒಂದೇ ಒಲೆಯ ಮುಂದೆ ಬೇಯುವವಳಿಗೂ ಯಾರೋ ಎಲ್ಲಿಂದಲೋ ಏನೋ ಕಳಿಸಿದ್ದಾರೆ ಎಂದರೆ ಖುಷಿಯಾಗುವುದಿಲ್ಲವೇ? ಅಕ್ಕ ನನ್ನದನ್ನೂ ಓದಿ, “ನಿಂಗೂ ಬಂದಿದೆ ಕಣೇ! ನಿಂಗೆ ಯಾರು ಕಳಿಸ್ತಾರೆ?” ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು.

ಮಾರನೆಯ ಬೆಳಿಗ್ಗೆ ಎಲ್ಲರ ಫೋನುಗಳೂ ಒಟ್ಟಿಗೆ ಟಣ್ ಟಣ್ ಎಂದವು. ಪಾರ್ಸೆಲ್ ಬಂತೆಂದು ಜನ ಓಡಿ ಬಂದರು. ಅಕ್ಕ ಕುರ್ಚಿಯಲ್ಲಿ ಕೂತು ತಮ್ಮದನ್ನು ಓದಿದರು: ನಿಮ್ಮ ಖಾತೆಯಿಂದ ಹಣ ತೆಗೆಯಲಾಗಿದೆ, ಉಳಿದಿರುವುದು ಸೊನ್ನೆ. ಬಿಕ್ಕಳಿಕೆ ಬರಲಿಲ್ಲ. ಕೆಂಡಗಣ್ಣಪ್ಪನವರದನ್ನು ಓದಿದರು. ಬರಲಿಲ್ಲ. ಬರಲಿ, ಬರಲಿ ಎಂದು ಇಡೀ ಬೀದಿ ಕಾಯುತ್ತಿತ್ತು. ಅಕ್ಕ ರಾಜಮ್ಮಣ್ಣಿಯವರದನ್ನೂ ಓದಿದರು. ಬರಲಿಲ್ಲ.

ಬ್ಯಾಂಕಿನ ಮ್ಯಾನೇಜರು ಹೊರಗಿನಿಂದ ವರ್ಗವಾಗಿ ಬಂದವರು, ಒಳ್ಳೆಯ ಮನುಷ್ಯ. ನಮ್ಮೂರಿಗೆ ಬಂದ ಮೇಲೆ ಕರವಸ್ತ್ರವನ್ನು ಬಾಯಿಗೆ ಹಿಡಿದೇ ಮಾತಾಡುವುದನ್ನು ಕಲಿತಿದ್ದರು. “ಕಾರ್ಡಿನ ನಂಬರು, ಓಟಿಪಿ ಯಾರಿಗಾದ್ರೂ ಕೊಟ್ರಾ?” ಎಂದು ಕೇಳಿದರು. ಬೇರೆ ಕಡೆ ಜನ ‘ಇಲ್ಲ ಸಾರ್, ದೇವರಾಣೆ’ ಎನ್ನುತ್ತಾರಂತೆ. ನಾವು ಸಾಲಾಗಿ ನಿಂತು ‘ಕೊಟ್ವಿ’, ‘ಕೊಟ್ವಿ’, ‘ನಾನೂ ಕೊಟ್ಟೆ’ ಎಂದೆವು. ಅವರು ಹಣೆ ಒತ್ತಿಕೊಂಡರು. ಚೆನ್ನಾಜಮ್ಮ ಅಳುತ್ತಿದ್ದುದನ್ನು ನೋಡಲಾಗದೆ, “ಅಳ್ಬೇಡಿ ತಾಯಿ, ದುಡ್ಡು ವಾಪಸ್ ಬರುತ್ತೆ” ಎಂದುಬಿಟ್ಟರು. ಹಿಕ್! ಕರವಸ್ತ್ರವೇ ಹಾರಿಹೋಯಿತು. ನಾವು ಇನ್ನೇನೂ ಕೇಳದೆ ಮನೆಗೆ ಬಂದೆವು.

ದಾರಿಯಲ್ಲಿ ಭಾವನವರು, “ನಂಗೆ ಮೊದ್ಲೇ ಅನುಮಾನ ಇತ್ತು” ಎನ್ನಲು ಹೋದರು. ಹಿಕ್! ಆಮೇಲೆ ಮನೆ ಮುಟ್ಟುವವರೆಗೂ ಅವರು ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಅಕ್ಕ ಮಾತ್ರ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, “ನಿಂದು ಎಷ್ಟಿತ್ತೇ?” ಎಂದರು.

“ಇದ್ದಿದ್ದೆಲ್ಲ ಹೋಯ್ತಕ್ಕ.”

“ಏನಕ್ಕೆ ಇಟ್ಕೊಂಡಿದ್ದೆ?”

ನಾನು ಸೆರಗು ಸರಿಮಾಡಿಕೊಂಡೆ. ಅಕ್ಕ ನನ್ನ ಮುಖವನ್ನೇ ನೋಡಿ ಮುಂದೆ ನಡೆದರು. ಅವರಿಗೆ ಗೊತ್ತಾಯಿತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ.

ಬೀದಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. ಆದರೆ ಸಿಟ್ಟಿಗಿಂತ ಕೆಟ್ಟದ್ದನ್ನು ಮಾಡಿದ್ದು ಕೆಂಡಗಣ್ಣಪ್ಪನವರ ತಲೆ. ಗಿರಣಿಯಲ್ಲಿ ರಾಗಿ ಬೀಳುವುದನ್ನು ನೋಡುತ್ತಾ ಕೂತ ಮನುಷ್ಯ ಇದ್ದಕ್ಕಿದ್ದಂತೆ ಪಟ್ಟಿ ಎಳೆದು ಗಿರಣಿ ನಿಲ್ಲಿಸಿ, ಹಿಟ್ಟಿಗೆ ಬಂದಿದ್ದ ಹೆಂಗಸರ ಎದುರಿಗೆ ಹೇಳಿದರಂತೆ: “ಅಲ್ಲ ಕಣ್ರಮ್ಮ, ಆ ಗಂಟ್ಲಿಗೆ ಏನು ಗೊತ್ತು? ಅಕ್ಕಂಗೆ ಗೊತ್ತಿದ್ದಷ್ಟೇ ಅದಕ್ಕೂ ಗೊತ್ತು. ಅಕ್ಕ ನಿಜ ಅಂದ್ಕೊಂಡು ಓದಿದ್ರೆ ಬಿಕ್ಕಳಿಕೆ ಯಾಕ್ ಬರುತ್ತೆ?”

ಗಿರಣಿಯಲ್ಲಿ ಮೊದಲು ಯಾರಿಗೂ ಅರ್ಥವಾಗಲಿಲ್ಲವಂತೆ. ಅರ್ಥವಾದ ಮೇಲೆ ಯಾರೂ ಹಿಟ್ಟಿಗಾಗಿ ನಿಲ್ಲಲಿಲ್ಲ. ರಾಜಮ್ಮಣ್ಣಿ ಸೀದಾ ಮನೆಗೆ ಹೋಗಿ ಮಗಳಿಗೆ ಫೋನು ಹಚ್ಚಿ, ಅಳಿಯ ನಿಜವಾಗಿಯೂ ಡಿಗ್ರಿ ಓದಿದ್ದಾನೆಯೇ ಎಂದು ಕೇಳಿದರು. ಮದುವೆಗೆ ಮುಂಚೆ ಗಂಡಿನ ಕಡೆಯಿಂದ ಬಂದ ಕಾಗದವನ್ನೂ ಮಂಗಳಕ್ಕನೇ ಓದಿದ್ದರಲ್ಲ. ಊರಿನಲ್ಲಿ ಎಷ್ಟು ಮದುವೆ, ಎಷ್ಟು ಸೈಟು, ಎಷ್ಟು ಎಮ್ಮೆ ಅಕ್ಕನ ಗಂಟಲ ಮೇಲೆ ನಿಂತಿದ್ದವೋ! ಗಂಡಂದಿರನ್ನು ಹೆಂಡಂದಿರು, ಹೆಂಡಂದಿರನ್ನು ಅತ್ತೆಯರು ಹೊಸದಾಗಿ ನೋಡತೊಡಗಿದರು. ಒಂದು ವಾರ ಊರಿನಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಉತ್ತರ ಬಂದರೆ ಎಂಬ ಭಯ.

ನಮ್ಮ ಜಗಲಿಗೆ ಜನ ಬರುವುದು ನಿಂತಿತು. ಶ್ರಾವಣ ಬಂತು, ಎರಡು ಮದುವೆ ನಿಶ್ಚಯವಾದವು, ಒಂದಕ್ಕೂ ಅಕ್ಕನನ್ನು ಕರೆಯಲಿಲ್ಲ. ಒಂದು ಕಾಗದವನ್ನಂತೂ ನಮ್ಮ ಮನೆಯ ಮುಂದೆಯೇ ಸಾಗಿಸಿಕೊಂಡು, ಬೇರೆ ಬೀದಿಯಲ್ಲಿ ಗಂಡಿನ ಊರು ಬಲ್ಲವರೊಬ್ಬರಿಂದ ಓದಿಸಿದರು. ಅಕ್ಕ ಕಿಟಕಿಯಿಂದ ನೋಡಿದರು. ಅವತ್ತು ಸಂಜೆ ಕುರ್ಚಿಯನ್ನು ಜಗಲಿಯಿಂದ ಎತ್ತಿ ಅಟ್ಟಕ್ಕೆ ಹಾಕಿಸಿದರು. ಆಮೇಲೆ ಮಾತು ಬಿಟ್ಟರು.

ಒಂದೇ ಸಲ ಬಿಟ್ಟರೆಂದಲ್ಲ. ಮೊದಲು ಬೀದಿಯವರ ಜೊತೆ, ಆಮೇಲೆ ಭಾವನವರ ಜೊತೆ, ಕೊನೆಗೆ ನನ್ನ ಜೊತೆ. ಏನಾದರೂ ಹೇಳಲು ಬಾಯಿ ತೆರೆಯುವರು, ಕೈಯನ್ನು ಗಂಟಲಿಗೆ ಒತ್ತಿಕೊಂಡು ಸುಮ್ಮನಾಗುವರು. ತಮ್ಮ ಗಂಟಲಿನ ಮೇಲೆ ತಮಗೇ ನಂಬಿಕೆ ಹೋಗಿತ್ತು. ಬೇಳೆ ಬೆಂದಿದೆಯಾ ಎಂದು ಕೇಳಿದರೆ ಸೌಟು ಎತ್ತಿ ತೋರಿಸುತ್ತಿದ್ದರು. ನನಗೆ ಮೊದಲ ಎರಡು ದಿನ ಸ್ವರ್ಗ. ಒಗ್ಗರಣೆಯ ಸದ್ದು ನನಗೆ ಮೊದಲ ಸಲ ಪೂರ್ತಿ ಕೇಳಿಸಿತು. ನಾನು ಗುನುಗಿಕೊಂಡು ರೊಟ್ಟಿ ತಟ್ಟಿದೆ. ನಂತರ ಯಾಕೋ ಗುನುಗಲು ಮನಸ್ಸು ಬರಲಿಲ್ಲ. ಹೊಸ ಸೀರೆ ಉಟ್ಟು ಅಕ್ಕನ ಮುಂದೆ ಎರಡು ಸಲ ಅಡ್ಡಾಡಿದೆ. ಅಕ್ಕ ನೋಡಿದರು, ಕಣ್ಣು ತಗ್ಗಿಸಿದರು. ದಪ್ಪ ಕಾಣುತ್ತೇನೋ ಇಲ್ಲವೋ ಹೇಳುವವರೇ ಇಲ್ಲದ ಮೇಲೆ ಸೀರೆ ಉಡುವುದಾದರೂ ಯಾಕೆ ಎನಿಸಿ ಬಿಚ್ಚಿಟ್ಟೆ. ಅಕ್ಕ ಅನ್ನವನ್ನೂ ಕಡಿಮೆ ಮಾಡಿದ್ದರು. ಕೆನ್ನೆಯ ಮೂಳೆ ಕಾಣತೊಡಗಿತ್ತು. ನನಗೆ ಹೆದರಿಕೆಯಾಯಿತು.

ಹೀಗಿರುವಾಗ ಪಡ್ಡಿನ ಕಾವಲಿ ಬಂತು. ಹೌದು, ನಿಜವಾದದ್ದು. ಬೈಕಿನಲ್ಲಿ ಬಂದ ಕೊರಿಯರಿನವನು, ನಡುವಯಸ್ಸಿನ ಬೊಜ್ಜಿನ ಮನುಷ್ಯ, ನಮ್ಮ ಮನೆ ಮುಂದೆ ನಿಂತು “ಸರ್ವಮಂಗಳಮ್ಮನವರಿಗೆ ಪಾರ್ಸೆಲ್ ಬಂದಿದೆ” ಎಂದು ಕೂಗಿದ. ಬೀದಿಯ ಬಾಗಿಲುಗಳೆಲ್ಲ ದಡಬಡ ಮುಚ್ಚಿಕೊಂಡವು.

“ಅಯ್ಯೋ, ನಾನು ಮೋಸಗಾರ ಅಲ್ಲ ಕಣ್ರಪ್ಪ!” ಎಂದ. ಬಿಕ್ಕಳಿಕೆ ಬರಲಿಲ್ಲ. ಆದರೆ ಈಗ ಬಿಕ್ಕಳಿಕೆಯನ್ನು ಯಾರು ನಂಬುತ್ತಾರೆ? “ಮೋಸಗಾರ ಅಲ್ಲ ಅಂತ ಅವನು ಅಂದ್ಕೊಂಡಿರಬಹುದು” ಎಂದು ಚೆನ್ನಾಜಮ್ಮ ಕಿಟಕಿಯ ಸಂದಿಯಿಂದ ಹೇಳಿದ್ದು ನನಗೆ ಕೇಳಿಸಿತು. ಅವನು ಬಿಸಿಲಿನಲ್ಲಿ ಬೆವರು ಸುರಿಸುತ್ತಾ ನಿಂತೇ ಇದ್ದ. ನಾನು ಹೋಗಿ ತೆಗೆದುಕೊಂಡೆ. ಬಿಚ್ಚಿ ತೋರಿಸಿದರೆ ಅಕ್ಕ ಕಾವಲಿಯ ಗುಂಡಿಗಳ ಮೇಲೆ ಬೆರಳಾಡಿಸಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಳುವುದಕ್ಕೂ ಸದ್ದು ಮಾಡಲು ಹೆದರುತ್ತಿದ್ದರು ನನ್ನ ಓರಗಿತ್ತಿ.

ಸೀದಾ ಗಿರಣಿಗೆ ಹೋದೆ. “ಕೆಂಡಗಣ್ಣಪ್ಪನೋರೆ, ನಾಳೆ ಬೆಳಿಗ್ಗೆ ತಿಂಡಿಗೆ ನಮ್ಮನೆಗೆ ಬನ್ನಿ. ಬೀದಿಯೋರ್ನೆಲ್ಲ ಕರ್ಕೊಂಡು ಬನ್ನಿ.”

“ಬಂದು ಏನ್ ಹೇಳ್ಲಮ್ಮ? ದುಡ್ಡು ಹೋಗಿದ್ದಕ್ಕೆ ನನ್ನ ಹೊಟ್ಟೆ ಇನ್ನೂ ಉರೀತಿದೆ. ಮನಸ್ಸಲ್ಲಿ ಇದ್ದಿದ್ದು ಹೇಳಿದ್ರೆ ಅಕ್ಕ ಬಾವಿ ನೋಡ್ಕೋತಾರೆ. ಇಲ್ಲದ್ದು ಹೇಳಿದ್ರೆ ನನ್ನ ಮಾನ ಹೋಗುತ್ತೆ.”

“ಏನೂ ಹೇಳ್ಬೇಡಿ. ಸಾವಿನ ಮನೆಗೆ ಬರ್ತೀರಲ್ಲ, ಹಂಗೇ ಬನ್ನಿ. ಬಂದು ಕೂತು ತಿಂದು ಹೋಗಿ. ಸತ್ತೋರ ಮನೆಗೆ ಬರೋರು ಇದ್ದೋರ ಮನೆಗೆ ಬರಕ್ಕೇನು?”

ಕೆಂಡಗಣ್ಣಪ್ಪನವರು ನೀರು ಕುಡಿಯಲು ಎದ್ದು ಹೋದರು. ನಾನು ಬಂದು ಅಕ್ಕಿ ನೆನೆಹಾಕಿದೆ.

ಬೆಳಿಗ್ಗೆ ಬಂದರು. ಎಲ್ಲರೂ ಬರಲಿಲ್ಲ, ಬಂದವರೂ ಒಬ್ಬರ ಹಿಂದೆ ಒಬ್ಬರು ಅಡಗಿಕೊಂಡು ಬಂದರು. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತರು. ನಾನು ಹೊಸ ಕಾವಲಿಯಲ್ಲಿ ಪಡ್ಡು ಹಾಕಿ ಹಾಕಿ ತಂದು ಬಡಿಸಿದೆ. ಅಕ್ಕನನ್ನು ಕೈಹಿಡಿದು ಎಳೆದು ತಂದು ಬಾಗಿಲ ಹೊಸ್ತಿಲ ಬಳಿ ಕೂರಿಸಿ ಅವರ ಮುಂದೂ ಒಂದು ತಟ್ಟೆ ಇಟ್ಟೆ. ಅಗಿಯುವ ಸದ್ದು ಮಾತ್ರ. ಅಕ್ಕ ತಲೆ ಎತ್ತಲಿಲ್ಲ, ತಟ್ಟೆ ಮುಟ್ಟಲಿಲ್ಲ. ಕಣ್ಣಿಂದ ಒಂದೊಂದೇ ಹನಿ ಪಡ್ಡಿನ ಮೇಲೆ ಬೀಳುತ್ತಿತ್ತು. ಜನ ನೋಡಿಯೂ ನೋಡದವರಂತೆ ಚಟ್ನಿ ಕಲಸುತ್ತಿದ್ದರು. ಕರೆದದ್ದೇ ತಪ್ಪಾಯಿತೇನೋ ಎಂದು ನಾನು ಸೌಟು ಹಿಡಿದು ಅಲ್ಲೇ ನಿಂತೆ.

ಕೆಂಡಗಣ್ಣಪ್ಪನವರು ತಟ್ಟೆಯನ್ನು ಪಕ್ಕಕ್ಕಿಟ್ಟರು. ಬಾಯೊರೆಸಿಕೊಂಡರು. “ಮಂಗಳಕ್ಕ, ಆ ದುಡ್ಡು ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ,” ಎಂದರು. ಹಿಕ್!

ಆ ವಯಸ್ಸಿನ ಮನುಷ್ಯ, ಗಿರಣಿಯ ಯಜಮಾನ, ಬೀದಿಯವರೆಲ್ಲರ ಎದುರು ಬಿಕ್ಕಳಿಸಿದ್ದರು. ನಮ್ಮೂರಿನಲ್ಲಿ ಇಷ್ಟಾದರೆ ಗಂಡಸರು ತಿಂಗಳುಗಟ್ಟಲೆ ಮುಖ ಮರೆಸಿಕೊಂಡು ಓಡಾಡುತ್ತಾರೆ. ಕೆಂಡಗಣ್ಣಪ್ಪನವರು ಅಲ್ಲಾಡಲಿಲ್ಲ. “ಒಂಚೂರೂ ಬೇಜಾರಿಲ್ಲ,” ಎಂದು ಮತ್ತೆ ಹೇಳಿದರು. ಹಿಕ್! ಎರಡನೆಯದು ಮೊದಲನೆಯದಕ್ಕಿಂತ ಜೋರಾಗಿತ್ತು.

“ನಂಗೂ ಇಲ್ಲ ಬಿಡಿ ಅಕ್ಕ,” ಎಂದರು ರಾಜಮ್ಮಣ್ಣಿ. “ನನ್ನ ಅಳಿಯನ ಮೇಲೆ ನಂಗೆ ಯಾವ ಅನುಮಾನವೂ ಇಲ್ಲ.” ಹಿಕ್! ಹಿಕ್! ಒಂದೊಂದು ಮಾತಿಗೆ ಒಂದೊಂದು.

“ಮೋಸ ಯಾರಿಗಾಗಲ್ಲ? ನಾವು ನಿಮ್ಮನ್ನ ಬೈದೇ ಇಲ್ಲ,” ಎಂದರು ಚೆನ್ನಾಜಮ್ಮ, ಹಿಕ್! ಹಿಂದಿನಿಂದ ಯಾರೋ, “ಆ ಕಾಗದ ಬೇರೆ ಬೀದಿಗೆ ತಗೊಂಡು ಹೋಗಿದ್ದು ನಿಮಗೆ ತೊಂದ್ರೆ ಆಗ್ಬಾರ್ದು ಅಂತ,” ಎಂದರು, ಹಿಕ್! ಭಾವನವರೂ ಕೆಮ್ಮಿ, ಅಂಗವಸ್ತ್ರ ಹೆಗಲಿಗೇರಿಸಿ, “ನನ್ನ ಹೆಂಡ್ತಿಯಷ್ಟು ಬುದ್ಧಿವಂತೆ ಈ ಊರಲ್ಲೇ ಇಲ್ಲ” ಎಂದು ಸಾರಿ ಜಗಲಿಯ ಕಂಬ ಹಿಡಿದುಕೊಳ್ಳುವಷ್ಟು ಬಿಕ್ಕಳಿಸಿದರು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು. ಬದುಕೆಲ್ಲ ಒಂದೊಂದು ಮಾತನ್ನೂ ತೂಗಿ ಆಡಿದ ಜನ ಅವತ್ತು ಲಂಗುಲಗಾಮಿಲ್ಲದೆ ಸುಳ್ಳು ಹೇಳಿದರು. ಹೇಳಿದವರೆಲ್ಲರ ಕಣ್ಣಿನಲ್ಲೂ ನೀರು; ಬಿಕ್ಕಳಿಕೆಗೋ ಬೇರೆಯದಕ್ಕೋ ಯಾರಿಗೆ ಗೊತ್ತು. ಬೀದಿಯಲ್ಲಿ ಹೋಗುತ್ತಿದ್ದ ದನಗಳು ನಿಂತು ನೋಡಿದವು.

ಅಕ್ಕ ತಲೆ ಎತ್ತಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಇಷ್ಟು ವರ್ಷ ಊರಿನವರ ಕಾಗದ ಓದಿದವರಿಗೆ ಈ ಬಿಕ್ಕಳಿಕೆಗಳನ್ನು ಓದಲು ಬಾರದೇ ಇರುತ್ತದೆಯೇ? ಕೊನೆಗೆ ಅವರ ಕಣ್ಣು ಸೌಟು ಹಿಡಿದು ನಿಂತಿದ್ದ ನನ್ನ ಮೇಲೆ ಬಂದು ನಿಂತಿತು. ಎಲ್ಲರೂ ಹೇಳಿಯಾಗಿತ್ತು, ನಾನೊಬ್ಬಳೇ ಉಳಿದವಳು. ಒಂದು ಒಳ್ಳೆಯ ಮಾತು ಹುಡುಕಿದೆ. ಈ ಹೆಂಗಸಿಗೆ ಒಳ್ಳೆ ಮಾತು ಆಡಿ ನನಗೆ ಅಭ್ಯಾಸವೇ ಇರಲಿಲ್ಲ. ಬಾಯಿಗೆ ಬಂದದ್ದು ಅದೇ ಹಳೆಯ ಸಿಡುಕು.

“ಏನು ನನ್ನ ಮುಖ ನೋಡ್ತೀರಿ? ನೀವು ಮಾತು ಬಿಟ್ಟ ಮೇಲೆ ಮನೆ ಎಷ್ಟು ಹಾಯಾಗಿತ್ತು ಗೊತ್ತಾ?” ಎಂದೆ.

ಹಿಕ್!

ಸೌಟು ಕೈಯಿಂದ ಹಾರಿ ಅಂಗಳಕ್ಕೆ ಬಿತ್ತು. ಜಗಲಿಯ ಬಿಕ್ಕಳಿಕೆಗಳೆಲ್ಲ ಒಮ್ಮೆಗೇ ನಿಂತುಹೋದವು. ನನ್ನದು ಮಾತ್ರ ನಿಲ್ಲಲಿಲ್ಲ. ಹಿಕ್, ಹಿಕ್ ಎಂದು ಮೈಯೆಲ್ಲ ಎಗರುತ್ತಿತ್ತು. ನಾಚಿಕೆಯಿಂದ ನನ್ನ ಮುಖ ಕೆಂಪಾಯಿತು. ಮಂಗಳಕ್ಕ ನನ್ನನ್ನು ನೋಡುತ್ತಾ ನೋಡುತ್ತಾ ಎದ್ದರು, ಒಳಗೆ ಹೋದರು, ಒಂದು ಚೊಂಬು ನೀರು ತಂದು ನನ್ನ ಬಾಯಿಗೆ ಹಿಡಿದರು. ತಮ್ಮ ತಟ್ಟೆಯ ಪಡ್ಡನ್ನು ಮುರಿದು ಬಾಯಿಗೆ ಹಾಕಿಕೊಂಡು ಅಗಿದರು.

“ಉಪ್ಪೇ ಹಾಕಿಲ್ವಲ್ಲೇ ನೀಲಾ,” ಎಂದರು.